ಟೆಸ್ಟ್, ಏಕದಿನ, ಟಿ20: ಹೊಸಬರು ಯಾವುದರಿಂದ ಶುರು ಮಾಡಬೇಕು?

ಮೊದಲ ಸಲ ಕ್ರಿಕೆಟ್ ನೋಡುವವರಿಗೆ ಟಿ20ಯೇ ಸಲೀಸು. ತಂಡಕ್ಕೆ 20 ಓವರ್, ಒಬ್ಬ ಬೌಲರ್‌ಗೆ ಹೆಚ್ಚೆಂದರೆ 4. ಮೊದಲ 6 ಓವರ್ ಪವರ್‌ಪ್ಲೇ. ಆಗ 30 ಗಜದ ವೃತ್ತದಾಚೆ ಇಬ್ಬರೇ ಫೀಲ್ಡರ್‌ಗಳು, ಅದಕ್ಕೇ ಓಪನರ್‌ಗಳು ಚೆಂಡನ್ನು ಎತ್ತಿ ಹೊಡೆಯುತ್ತಾರೆ.

ಏಕದಿನದಲ್ಲಿ 50 ಓವರ್, ಬೌಲರ್‌ಗೆ 10. ಮಧ್ಯದ ಓವರ್‌ಗಳು ಹೊಸಬರಿಗೆ ಬೇಸರ ತರಿಸಬಹುದು, ಇಡೀ ದಿನ ಬಿಡುವಿದ್ದರೆ ಮಾತ್ರ ಕೂರಿ.

ನಿಜವಾದ ರುಚಿ ಟೆಸ್ಟ್‌ನಲ್ಲಿದೆ, ಆದರೆ ತಾಳ್ಮೆ ಬೇಕು. 5 ದಿನ, ದಿನಕ್ಕೆ 90 ಓವರ್, ತಂಡಕ್ಕೆ ಎರಡು ಇನಿಂಗ್ಸ್ (ಬ್ಯಾಟಿಂಗ್ ಸರದಿ). ಬೌಲರ್‌ಗೆ ಓವರ್ ಮಿತಿಯಿಲ್ಲ. ಚೆಂಡು ಹಳತಾಗಿ ಮೆತ್ತಗಾದಾಗ ರನ್ ಸುಲಭ. 80 ಓವರ್ ಮುಗಿದೊಡನೆ ಫೀಲ್ಡಿಂಗ್ ತಂಡದ ನಾಯಕ ಹೊಸ ಚೆಂಡು ಕೇಳಬಹುದು, ಆಗ ಅದೇ ಪಿಚ್‌ನಲ್ಲಿ ವಿಕೆಟ್ ಉರುಳತೊಡಗುತ್ತವೆ.

ಹೊಸಬರು ಎಡವುವುದು ಎರಡು ಕಡೆ. ಲೆಗ್ ಸ್ಟಂಪಿನಾಚೆ (ಬ್ಯಾಟರ್‌ನ ಕಾಲಿನ ಕಡೆಯ ಸ್ಟಂಪ್) ತುಸು ಜಾರಿದ ಚೆಂಡು ಟಿ20, ಏಕದಿನದಲ್ಲಿ ಸಾಮಾನ್ಯವಾಗಿ ವೈಡ್, ಅಂದರೆ ಬ್ಯಾಟಿಂಗ್ ತಂಡಕ್ಕೆ ಹೆಚ್ಚುವರಿ ರನ್. ಟೆಸ್ಟ್‌ನಲ್ಲಿ ಅಂಪೈರ್ ಅಷ್ಟು ಬಿಗಿಯಲ್ಲ. ಇನ್ನೊಂದು, ಡ್ರಾ ಮತ್ತು ಟೈ ಒಂದೇ ಅಲ್ಲ: ಸಮಯ ಮುಗಿದರೂ ಗೆಲುವು ಇತ್ಯರ್ಥವಾಗದಿದ್ದರೆ ಡ್ರಾ, ಇನಿಂಗ್ಸ್‌ಗಳೆಲ್ಲ ಮುಗಿದು ರನ್ ಸಮನಾದರೆ ಟೈ.