ಫೋನ್ ಬದಲಿಸಲಿಲ್ಲ, ಬ್ಯಾಟರಿ ಬದಲಿಸಿದೆ: ದುರ್ಗದ ಒಂದು ರಿಪೇರಿ ಅಂಗಡಿ

ಚಿತ್ರದುರ್ಗದ ಸಂತೆಪೇಟೆ ಕಡೆ ಹೋಗುವ ಒಂದು ಗಲ್ಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಬೋರ್ಡಿನ ಮೇಲೆ ‘ಮೊಬೈಲ್ ಸರ್ವಿಸ್’ ಅಂತ ಬರೆದಿದೆ, ಬೇರೆ ಹೆಸರಿಲ್ಲ. ಗಿರಾಕಿಗಳು ಇಬ್ಬರು ಬಂದರೆ ಒಬ್ಬರು ಹೊರಗೆ ನಿಲ್ಲಬೇಕು, ಅಷ್ಟು ಚಿಕ್ಕದು. ಇಲ್ಲಿ ನನ್ನ ಹಳೇ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದೆ. ಒಂದು ಮುಂಗಾರು ಪೂರ್ತಿ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಫೋನ್ ಚೆನ್ನಾಗಿದ್ದು ಚಾರ್ಜ್ ಮಾತ್ರ ನಿಲ್ಲದೆ ಒದ್ದಾಡುತ್ತಿರುವವರು, ಹೊಸದಕ್ಕೆ ಇಎಂಐ ಕಟ್ಟುವ ಮೊದಲು ಇದನ್ನು ಓದಲಿ ಅಂತ ಆಸೆ.

ನನ್ನ ಕೆಲಸ ಏನು ಅಂತ ಹೇಳದಿದ್ದರೆ ಫೋನಿನ ಕಷ್ಟ ಅರ್ಥ ಆಗುವುದಿಲ್ಲ. ನಾನು ತುರುವನೂರು ಹೋಬಳಿಯವಳು. ಬೆಳೆ ಸಮೀಕ್ಷೆಗೆ ನಮ್ಮೂರಿನ ಪಿಆರ್, ಅಂದರೆ ಸಮೀಕ್ಷೆ ಮಾಡಲು ಊರಿನವರಿಂದಲೇ ಆರಿಸಿಕೊಂಡ ಖಾಸಗಿ ನಿವಾಸಿ. ಒಂದೊಂದು ಸರ್ವೆ ನಂಬರಿಗೂ ನಡೆದು ಹೋಗಿ, ಹೊಲದ ಗಡಿಯೊಳಗೆ ನಿಂತು, ಯಾವ ಬೆಳೆ ಎಷ್ಟು ಹಾಕಿದ್ದಾರೆ ಅಂತ ಆ್ಯಪಿನಲ್ಲಿ ತುಂಬಿ ಫೋಟೊ ತೆಗೆಯಬೇಕು. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿ, ಎಲ್ಲದಕ್ಕೂ ಈ ಮಾಹಿತಿಯನ್ನೇ ನೋಡುತ್ತಾರೆ. ಶೇಂಗಾ ಹಾಕಿದವರ ಹೊಲಕ್ಕೆ ಮೆಕ್ಕೆಜೋಳ ಅಂತ ಬಿದ್ದರೆ ಆಮೇಲೆ ಅವರು ಕಚೇರಿ ಅಲೆಯಬೇಕಾಗುತ್ತದೆ. ಮನೆಯಲ್ಲಿ ಕೂತು ಅಂದಾಜಿನ ಮೇಲೆ ತುಂಬುವ ಕೆಲಸ ಅಲ್ಲ ಇದು.

ಈ ಕೆಲಸ ಬ್ಯಾಟರಿಯನ್ನು ಹಿಂಡಿ ಹಾಕುತ್ತದೆ. ಜಿಪಿಎಸ್ ಬೆಳಗಿನಿಂದ ಆನ್. ಬಿಸಿಲಲ್ಲಿ ಸ್ಕ್ರೀನ್ ಕಾಣುವುದಿಲ್ಲ, ಅದಕ್ಕೆ ಬ್ರೈಟ್‌ನೆಸ್ ಪೂರ್ತಿ ಏರಿಸಿರುತ್ತೇವೆ. ಅದರ ಮೇಲೆ ಕ್ಯಾಮೆರಾ. ತುಂಬಾ ಜನ ಗಮನಿಸದ ವಿಷಯ ಇನ್ನೊಂದಿದೆ. ಸಿಗ್ನಲ್ ಸರಿಯಾಗಿ ಸಿಗದ ಕಡೆ ಫೋನ್ ಟವರ್ ಹುಡುಕುತ್ತಲೇ ಇರುತ್ತದೆ, ದೂರದ ಟವರಿಗೆ ಮುಟ್ಟಿಸಲು ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ಚೀಲದಲ್ಲಿ ಸುಮ್ನೆ ಇದ್ದರೂ ಚಾರ್ಜ್ ಇಳಿಯುತ್ತದೆ. ನಮ್ಮ ಎರೆ ಹೊಲಗಳ ನಡುವೆ ನಿಂತರೆ ಒಂದು ಕಡ್ಡಿ ನೆಟ್‌ವರ್ಕ್ ಸಿಕ್ಕರೆ ಹೆಚ್ಚು.

ಫೋನ್ ತಗೊಂಡದ್ದು 2021ರಲ್ಲಿ, ಮಗಳ ಆನ್‌ಲೈನ್ ಕ್ಲಾಸಿಗೆ ಅಂತ. 5000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ. ಸುಮಾರು ವರ್ಷ ಏನೂ ತೊಂದರೆ ಕೊಡದೆ ನಡೆಯಿತು. ಹೋದ ಹಿಂಗಾರಿನಲ್ಲಿ ಶುರುವಾಯಿತು ನೋಡಿ. ಶೇಕಡಾ 30 ಅಂತ ತೋರಿಸುತ್ತಿರುತ್ತದೆ, ಫೋಟೊ ಒತ್ತಿದ ಕೂಡಲೇ ಆಫ್. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ 26 ಅಂತ ತೋರಿಸುತ್ತದೆ. ಮತ್ತೆ ಕ್ಯಾಮೆರಾ ತೆರೆದರೆ ಮತ್ತೆ ಆಫ್. ಉರಿ ಬಿಸಿಲು, ಕಡಲೆ ಹೊಲ, ಹೊಲದ ಅಜ್ಜ ಪಕ್ಕದಲ್ಲೇ ಕಾಯುತ್ತಾ ನಿಂತಿದ್ದಾರೆ. ಆಗಿನ ಸಂಕಟ ಅನುಭವಿಸಿದವರಿಗೇ ಗೊತ್ತು.

ಕೇಳಿದವರೆಲ್ಲ ಹೊಸ ಫೋನ್ ತಗೋ ಅಂದರು. ಒಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದೆ. 2,400 ರೂಪಾಯಿ ಆಗುತ್ತದೆ, ಫೋನ್ ಒಂದು ವಾರ ಬಿಟ್ಟು ಹೋಗಬೇಕು, ಒಳಗಿರುವುದೆಲ್ಲ ಅಳಿಸಿ ಹೋಗಬಹುದು ಅಂದರು. ಬ್ಯಾಟರಿ ಬದಲಿಸಲು ಒಳಗಿನ ಫೋಟೊ ಯಾಕೆ ಅಳಿಸಬೇಕು ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ವಾರಗಟ್ಟಲೆ ಫೋನ್ ಇಲ್ಲದೆ ನನಗೆ ಆಗುವುದೂ ಇಲ್ಲ. ನಮ್ಮೂರ ಹಾಲಿನ ಡೈರಿ ಕಾರ್ಯದರ್ಶಿ ಈ ಅಂಗಡಿ ತೋರಿಸಿಕೊಟ್ಟರು.

ಅಂಗಡಿಯವರಿಗೆ ಐವತ್ತರ ಹತ್ತಿರ ವಯಸ್ಸು ಇರಬಹುದು. ಬಟನ್ ಸೆಟ್ ಕಾಲದಿಂದ ಇದೇ ಕೆಲಸವಂತೆ. ನನಗೆ ಮೊದಲು ಹಿಡಿಸಿದ್ದು, ಅವರು ಫೋನ್ ಕೈಗೆ ತಗೊಂಡ ಕೂಡಲೇ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಯಾವಾಗ ಆಫ್ ಆಗುತ್ತದೆ, ಏನು ಮಾಡುವಾಗ, ಆಗ ಎಷ್ಟು ಶೇಕಡಾ ಇರುತ್ತದೆ, ಮುಟ್ಟಿದರೆ ಬಿಸಿ ಇರುತ್ತದಾ ಅಂತ ಒಂದೊಂದಾಗಿ ಕೇಳಿದರು. “ಅಕ್ಕಾರೆ, ಮನೆ ಚಾರ್ಜರ್ ತಂದೀರಾ? ಕೇಬಲ್ ಸಮೇತ ಕೊಡ್ರಿ” ಅಂದರು.

ಚಾರ್ಜರಿಗೂ ಕೇಬಲಿಗೂ ನಡುವೆ ಬೆರಳುದ್ದದ ಮೀಟರ್ ಸಿಕ್ಕಿಸಿದರು. ನನ್ನ ಕೇಬಲಿನಲ್ಲಿ 5 ವೋಲ್ಟ್, 0.7 ಆಂಪ್ ಅಂತ ಬಂತು. ಅವರ ಕೇಬಲ್ ಹಾಕಿದರೆ ಅದೇ ಚಾರ್ಜರ್, ಅದೇ ಫೋನ್, 9 ವೋಲ್ಟ್, 1.6 ಆಂಪ್. ಎರಡನ್ನೂ ಗುಣಿಸಿದರೆ ವ್ಯಾಟ್. ಒಂದರಲ್ಲಿ ಮೂರೂವರೆ, ಇನ್ನೊಂದರಲ್ಲಿ ಹದಿನಾಲ್ಕಕ್ಕೂ ಜಾಸ್ತಿ. ಇಂಥ ಫೋನಿನಲ್ಲಿ ಫಾಸ್ಟ್ ಚಾರ್ಜಿಂಗ್ ಅಂದರೆ ಫೋನೂ ಚಾರ್ಜರೂ ಕೇಬಲಿನ ಡೇಟಾ ತಂತಿಯ ಮೂಲಕ ಎಷ್ಟು ವೋಲ್ಟ್ ಬೇಕು ಅಂತ ಮೊದಲು ಒಪ್ಪಿಕೊಳ್ಳುತ್ತವೆ. ಕೇಬಲಿನಲ್ಲಿ ಆ ತಂತಿ ಇಲ್ಲದಿದ್ದರೆ, ಇದ್ದೂ ತುಂಡಾಗಿದ್ದರೆ, 5 ವೋಲ್ಟಿನಲ್ಲೇ ನಿಲ್ಲುತ್ತದೆ. ಗಂಟೆಗಟ್ಟಲೆ ಹಾಕಿದರೂ ಚಾರ್ಜ್ ನಿಧಾನವಾಗಿ ಏರುತ್ತಿದ್ದುದು ಕೇಬಲಿನಿಂದ, ಫೋಟೊ ತೆಗೆದಾಗ ಆಫ್ ಆಗುತ್ತಿದ್ದುದು ಬ್ಯಾಟರಿಯಿಂದ. ಎರಡೂ ಒಂದೇ ಕಾಯಿಲೆ ಅಂದುಕೊಳ್ಳುವವರೇ ಜಾಸ್ತಿ.

ಶೇಕಡಾ 30 ಇದ್ದರೂ ಯಾಕೆ ಆಫ್ ಆಗುತ್ತದೆ ಅಂತ ಕೇಳಿದೆ. ಅವರು ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಅರ್ಥ ಆಯಿತು. “ಹಳೇ ಬೋರ್ ನೋಡೀರಲ್ಲ ಅಕ್ಕಾರೆ? ನೀರು ಇರ್ತೈತೆ. ಆದ್ರೆ ದೊಡ್ಡ ಮೋಟ್ರು ಹಾಕಿ ಎಳೆದ್ರೆ ಗಾಳಿ ಬರ್ತೈತೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ನೀರು. ನಿಮ್ ಬ್ಯಾಟ್ರಿನೂ ಹಂಗೇ.” ಲೀಥಿಯಂ ಬ್ಯಾಟರಿ ಹಳೇದಾದಂತೆ ಅದರೊಳಗಿನ ತಡೆ ಹೆಚ್ಚುತ್ತದೆ. ಜಿಪಿಎಸ್, ಕ್ಯಾಮೆರಾ, ಪೂರ್ತಿ ಬ್ರೈಟ್‌ನೆಸ್ ಎಲ್ಲ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜ್ ದಿಢೀರ್ ಕುಸಿಯುತ್ತದೆ, ಫೋನ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಉಳಿದ ಚಾರ್ಜ್ ಒಳಗೇ ಇರುತ್ತದೆ, ಬೇಕಾದಾಗ ಕೈಗೆ ಸಿಗುವುದಿಲ್ಲ.

ಆಮೇಲೆ ಫೋನ್ ಬಿಚ್ಚಿದರು, ನನ್ನ ಕಣ್ಣೆದುರಿಗೇ. ಇದಕ್ಕೇ ನಾನು ಈ ಅಂಗಡಿಗೆ ಜಾಸ್ತಿ ಮಾರ್ಕ್ಸ್ ಕೊಡುವುದು. ಸಿಮ್ ಟ್ರೇ ತೆಗೆದು ನನ್ನ ಕೈಗೇ ಕೊಟ್ಟರು. ಫೋನಿನ ಹಿಂಭಾಗವನ್ನು ಬಿಸಿ ಹಲಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ಅಂಟು ಮೆತ್ತಗಾಗಲು ಬಿಟ್ಟರು. ತೆಳ್ಳಗಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಅಂಚಿನಲ್ಲಿ ತೂರಿಸಿ ಸುತ್ತಲೂ ಎಳೆದರು. ಅವಸರ ಇಲ್ಲ. ಕವರ್ ಎದ್ದು ಬಂತು. ಸ್ಕ್ರೂಗಳನ್ನು ಆಯಸ್ಕಾಂತದ ಮ್ಯಾಟ್ ಮೇಲೆ ಫೋನಿನಲ್ಲಿದ್ದ ಜಾಗದ ಲೆಕ್ಕದಲ್ಲೇ ಜೋಡಿಸಿಟ್ಟರು, ಯಾಕೆಂದರೆ ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದರು. ಬ್ಯಾಟರಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಲೋಹದ ಚಾಕು ಹಾಕಿ ಮೀಟಲಿಲ್ಲ, ಅಂಚಿಗೆ ಸ್ಪಿರಿಟ್ ಹನಿ ಬಿಟ್ಟು ಕಾದು, ಪ್ಲಾಸ್ಟಿಕ್ ಕಡ್ಡಿಯಿಂದ ನಿಧಾನವಾಗಿ ಎತ್ತಿದರು. ಬ್ಯಾಟರಿ ತೂತಾದರೆ ಅಥವಾ ಮಡಚಿಕೊಂಡರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ. ಈ ಕೆಲಸವನ್ನು ಮನೆಯಲ್ಲಿ ವಿಡಿಯೊ ನೋಡಿಕೊಂಡು ಮಾಡಬೇಡಿ, ದಯವಿಟ್ಟು.

ಹಳೇ ಬ್ಯಾಟರಿಯನ್ನು ಗಾಜಿನ ಮೇಲೆ ಇಟ್ಟು ಒಂದು ಮೂಲೆ ಒತ್ತಿ ತೋರಿಸಿದರು. ನಡುವೆ ಸ್ವಲ್ಪ ಉಬ್ಬಿತ್ತು, ಅಲುಗಾಡಿತು. ಒಳಗಿನ ರಾಸಾಯನಿಕ ಕೆಟ್ಟಂತೆ ಗ್ಯಾಸ್ ತುಂಬಿಕೊಳ್ಳುವುದರಿಂದ ಹಾಗಾಗುತ್ತದೆ. ಇನ್ನೂ ಬಿಟ್ಟಿದ್ದರೆ ಸ್ಕ್ರೀನನ್ನೇ ಒಳಗಿಂದ ತಳ್ಳುತ್ತಿತ್ತು. ಮೇಲೆ ಸಣ್ಣ ಅಕ್ಷರದಲ್ಲಿ 3.85 ವೋಲ್ಟ್, 5000 ಎಂಎಎಚ್, 19.25 ವ್ಯಾಟ್ ಅವರ್ ಅಂತಿತ್ತು.

ಹೊಸ ಬ್ಯಾಟರಿ ಎರಡು ಥರ ತೋರಿಸಿದರು. ಕಡಿಮೆ ಬೆಲೆಯದರ ಮೇಲೆ 6000 ಎಂಎಎಚ್ ಅಂತ ದೊಡ್ಡದಾಗಿ ಬರೆದಿತ್ತು. ಅಳತೆ ಮಾತ್ರ ಹಳೇದರಷ್ಟೇ. “ಅದೇ ಸೈಜು, ಅದೇ ತೂಕ, ಸಾವಿರ ಎಲ್ಲಿಂದ ಜಾಸ್ತಿ ಬಂತು? ಕೇಳಿದೋರಿಗೆ ಕೊಡ್ತೀನಿ, ಆದ್ರೆ ಬ್ಯಾಡ ಅಂತೀನಿ” ಅಂದರು. ಇನ್ನೊಂದರ ಮೇಲೆ ತಯಾರಾದ ತಿಂಗಳು ಇತ್ತು, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇತ್ತು. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ತಯಾರಕರದ್ದು, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತದೆ. ಮಗಳು ಅಲ್ಲೇ ನಿಂತು ನೋಡಿದಳು, ಹೊಂದಿತು. ಚಾರ್ಜರ್, ಪವರ್ ಬ್ಯಾಂಕ್ ಕೊಳ್ಳುವಾಗಲೂ ಹೀಗೇ ನೋಡಬಹುದು. ಅಂಗಡಿಯಲ್ಲಿ ನಿಂತೇ ಮಾಡುವ ಕೆಲಸ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬ್ಯಾಟರಿಗೂ ಕೂಲಿಗೂ ಸೇರಿ 1,150 ರೂಪಾಯಿ, ಒಳ್ಳೇ ಕೇಬಲಿಗೆ 200. ಕವರ್ ಮತ್ತೆ ಅಂಟಿಸಿ ಕ್ಲಿಪ್ ಹಾಕಿ ಒಣಗಲು ಇಟ್ಟರು. ಅಷ್ಟರಲ್ಲಿ ನಾವು ಊಟ ಮುಗಿಸಿ ಬಂದೆವು. ಒಳಗಿದ್ದ ಒಂದು ಫೋಟೊ ಕೂಡ ಅಳಿಸಿರಲಿಲ್ಲ.

ಈಗ ಹೇಗಿದೆ? ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟರೆ, ಜಿಪಿಎಸ್ ಹಾಕಿಕೊಂಡೇ ಹೊಲ ತಿರುಗಿ ಮಧ್ಯಾಹ್ನ ಮನೆ ಸೇರುವ ಹೊತ್ತಿಗೆ ಅರ್ಧದ ಹತ್ತಿರ ಉಳಿದಿರುತ್ತದೆ. ಶೇಕಡಾ 10ಕ್ಕೆ ಇಳಿದಾಗಲೂ ಫೋಟೊ ತೆಗೆದಿದ್ದೇನೆ, ಆಫ್ ಆಗಿಲ್ಲ. ರಾತ್ರಿ ಮಗಳು ಪಾಠದ ವಿಡಿಯೊ ನೋಡುವಷ್ಟು ಚಾರ್ಜ್ ಇರುತ್ತದೆ. ಹೆಗಲಿಗೆ ಪವರ್ ಬ್ಯಾಂಕಿನ ಭಾರ ತಪ್ಪಿತು.

ಆದರೂ ಇದು ಶಾಶ್ವತ ಅಲ್ಲ ಅಂತ ಗೊತ್ತಿರಲಿ. ಮಾಮೂಲಿ ಫೋನ್ ಬ್ಯಾಟರಿ 500ರಿಂದ 800 ಸೈಕಲ್ ಆಗುವಷ್ಟರಲ್ಲಿ ತನ್ನ ಶಕ್ತಿಯ ಐದರಲ್ಲಿ ಒಂದು ಭಾಗ ಕಳೆದುಕೊಳ್ಳುತ್ತದೆ. ಸೈಕಲ್ ಅಂದರೆ ಒಟ್ಟು ನೂರು ಶೇಕಡಾ ಖರ್ಚಾಗುವುದು. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೆ ಒಂದು ಸೈಕಲ್. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸೈಕಲ್ ಆದ ಮೇಲೂ ಶೇಕಡಾ 80 ಶಕ್ತಿ ಉಳಿಸಿಕೊಂಡಿರಬೇಕು ಅಂತ ಕಾನೂನು ಬಂದಿದೆ. ಅಂಥ ಕಾನೂನು ನಮ್ಮಲ್ಲೂ ಬೇಕು. ಹೊಲ, ಅಂಗನವಾಡಿ, ಡೈರಿ ಎಲ್ಲ ಕಡೆ ಕೆಲಸ ಫೋನಿನ ಮೇಲೇ ನಡೆಯುತ್ತಿರುವಾಗ ಕೊಂಡ ಫೋನ್ ಬಾಳಿಕೆ ಬರಬೇಕು ಅಲ್ವಾ?

ನಮ್ಮ ಕಡೆ ಬ್ಯಾಟರಿಗೆ ದೊಡ್ಡ ಶತ್ರು ಬಿಸಿಲು. ಆಪಲ್, ಸ್ಯಾಮ್‌ಸಂಗ್ ಕಂಪನಿಗಳು ಫೋನನ್ನು 0ಯಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಿ ಅನ್ನುತ್ತವೆ. ದುರ್ಗದ ಬೇಸಿಗೆಯಲ್ಲಿ ನೆರಳಲ್ಲೇ 35 ದಾಟುವುದು ಮಾಮೂಲು. ಬೈಕಿನ ಹ್ಯಾಂಡಲ್ ಮೇಲೆ, ಟ್ರ್ಯಾಕ್ಟರ್ ಬಾನೆಟ್ ಮೇಲೆ ಫೋನ್ ಇಟ್ಟು ಚಾರ್ಜ್ ಮಾಡುವುದನ್ನು ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಬಿಸಿಯಾಗಿರುವ ಬ್ಯಾಟರಿಗೆ ಚಾರ್ಜ್ ತುಂಬಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ನಾನು ಫೋಟೊ ತೆಗೆದ ಕೂಡಲೇ ಬಟ್ಟೆ ಚೀಲದೊಳಗೆ ಹಾಕುತ್ತೇನೆ. ಮನೆಗೆ ಬಂದು ಫೋನ್ ತಣ್ಣಗಾದ ಮೇಲೇ ಚಾರ್ಜಿಗೆ. ದಿಂಬಿನ ಕೆಳಗೆ, ಟಿವಿ ಮೇಲೆ ಇಡುವುದಿಲ್ಲ.

ಚಾರ್ಜ್ ಶೇಕಡಾ ಇಪ್ಪತ್ತರಿಂದ ಎಂಬತ್ತರ ಒಳಗೇ ಇರಬೇಕು ಅನ್ನುವ ಸಲಹೆ ಆಫೀಸಿನವರಿಗೆ ಸರಿ. ಹೊಲಕ್ಕೆ ಹೋಗುವವರು ನೂರು ಮಾಡಿಕೊಂಡೇ ಹೋಗಬೇಕು. ರಾತ್ರಿಯಿಡೀ ನೂರರಲ್ಲಿ ನಿಲ್ಲಿಸದೆ, ಬೆಳಿಗ್ಗೆ ಎದ್ದು ನೀರು ಕಾಯಿಸುವ ಹೊತ್ತಿಗೆ ಹಾಕಿದರೆ ಹೊರಡುವಷ್ಟರಲ್ಲಿ ತುಂಬಿರುತ್ತದೆ. ಕರೆಂಟ್ ಅರ್ಧ ಗಂಟೆಯೇ ಇರುತ್ತದೆ ಅಂತಾದರೆ ಖಾಲಿ ಇರುವ ಫೋನಿಗೇ ಮೊದಲು ಹಾಕಿ. ಎಂಬತ್ತರ ಮೇಲೆ ಫೋನ್ ಬೇಕಂತಲೇ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡುತ್ತದೆ. ಅದೇ ಅರ್ಧ ಗಂಟೆಯಲ್ಲಿ ಖಾಲಿ ಫೋನ್ ತುಂಬಾ ಜಾಸ್ತಿ ತುಂಬಿಕೊಳ್ಳುತ್ತದೆ.

ಅಂಗಡಿಯ ಬಗ್ಗೆ ಆಕ್ಷೇಪಣೆಯೂ ಇದೆ. ಪಕ್ಕಾ ಬಿಲ್ ಕೊಡುವುದಿಲ್ಲ. ಮೂರು ತಿಂಗಳ ವಾರಂಟಿಯನ್ನು ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದು ಸಹಿ ಹಾಕಿದರು, ಅಷ್ಟೇ. ಇಷ್ಟು ಚೆನ್ನಾಗಿ ಕೆಲಸ ಮಾಡುವವರು ಬಿಲ್ ಪುಸ್ತಕ ಇಟ್ಟುಕೊಳ್ಳಬೇಕು. ತಾವೇ ಬೇಡ ಅನ್ನುವ 6000ದ ಬ್ಯಾಟರಿಯನ್ನು ಅಂಗಡಿಯಲ್ಲಿ ಇಟ್ಟಿರುವುದೂ ನನಗೆ ಸರಿ ಕಾಣಲಿಲ್ಲ. ಕವರಿನ ಒಂದು ಅಂಚು ಉಗುರಿಗೆ ಸ್ವಲ್ಪ ತಾಕುತ್ತದೆ. ಒಮ್ಮೆ ಬಿಚ್ಚಿದ ಫೋನಿಗೆ ಕಂಪನಿಯಿಂದ ಬಂದಾಗಿನ ನೀರಿನ ರಕ್ಷಣೆ ಇರುವುದಿಲ್ಲ ಅಂತ ಅವರೇ ಹೇಳಿದ್ದರು, ಹಾಗಾಗಿ ಮಳೆಯಲ್ಲಿ ಪ್ಲಾಸ್ಟಿಕ್ ಕವರ್ ಹಾಕುತ್ತೇನೆ.

ಹಳೇ ಬ್ಯಾಟರಿ ಏನು ಮಾಡುತ್ತೀರಿ ಅಂತಲೂ ಕೇಳಿದೆ. ನಮ್ಮೂರಲ್ಲಿ ಮಕ್ಕಳು ತಿಪ್ಪೆಯಲ್ಲಿ ಸಿಕ್ಕ ಬ್ಯಾಟರಿಯನ್ನು ಕಲ್ಲಿನಿಂದ ಜಜ್ಜುವುದನ್ನು ನೋಡಿದ್ದೇನೆ, ಆ ಭಯ ನನಗೆ. ಕನೆಕ್ಟರಿಗೆ ಟೇಪ್ ಸುತ್ತಿ ಬೇರೆ ಡಬ್ಬಿಗೆ ಹಾಕಿದರು. ಇ-ವೇಸ್ಟ್ ತಗೊಳ್ಳುವವರು ಬಂದಾಗ ಕೊಡುತ್ತಾರಂತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಕಸದ ಗಾಡಿಗೆ ಹಾಕುವಂತಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಭಾನುವಾರ ಬಾಗಿಲು ಹಾಕಿರುತ್ತದೆ. ಹಳ್ಳಿಯಿಂದ ಬಸ್ಸಿಗೆ ಬರುವವರು ಹನ್ನೊಂದರೊಳಗೆ ಫೋನ್ ಕೊಟ್ಟರೆ ಸಂಜೆ ಬಸ್ಸಿಗೆ ಮೊದಲು ಸಿಗುತ್ತದೆ. ನಿಮ್ಮ ಮಾಡೆಲ್ ಹೆಸರು ಮೊದಲೇ ಹೇಳಿ ಬ್ಯಾಟರಿ ಇದೆಯಾ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ತರಿಸಲು ಸಮಯ ಬೇಕಾಗುತ್ತದೆ. ಮನೆಯ ಚಾರ್ಜರ್, ಕೇಬಲ್ ಎರಡನ್ನೂ ಜೊತೆಗೆ ಒಯ್ಯಿರಿ. ಮೀಟರ್ ಹಾಕಿ ನೋಡುವುದಕ್ಕೆ ದುಡ್ಡು ತಗೊಳ್ಳುವುದಿಲ್ಲ.