ಖಾರದ ಮೆಣಸಿನಕಾಯಿ ಒಣಗಿಸಲು ಡಿಹೈಡ್ರೇಟರ್: ಬಳಸಿ ನೋಡಿ ಬರೆದದ್ದು

ಗಿಡದಲ್ಲಿ ಮೆಣಸಿನಕಾಯಿ ಒಟ್ಟೊಟ್ಟಿಗೇ ಹಣ್ಣಾಗುತ್ತವೆ, ಫ್ರಿಜ್ಜಿನಲ್ಲಿಟ್ಟರೆ ತೊಟ್ಟಿನ ಬುಡದಿಂದ ಬೂಸ್ಟು ಹಿಡಿಯುತ್ತದೆ. ಬಿಸಿ ಗಾಳಿ ಹಾಯಿಸಿ ಒಣಗಿಸುವ ಈ ಐದು ಟ್ರೇ ಡಿಹೈಡ್ರೇಟರ್ ತಂದದ್ದು ಅದಕ್ಕಾಗಿ. ಮೆಣಸಿನಕಾಯಿಯ ಮಟ್ಟಿಗೆ ಇದು ಅಪ್ಪಟ ಒಳ್ಳೆಯ ಯಂತ್ರ.

ಫ್ಯಾನ್ ತಳದಲ್ಲಲ್ಲ, ಹಿಂಬದಿಯಲ್ಲಿದೆ. ಗಾಳಿ ಎಲ್ಲ ಟ್ರೇಗಳ ಮೇಲೂ ಅಡ್ಡ ಹಾಯುವುದರಿಂದ ಟ್ರೇ ಅದಲುಬದಲು ಮಾಡುವ ಕೆಲಸ ಹೆಚ್ಚುಕಡಿಮೆ ಇಲ್ಲ. ನಾನು 55 ಡಿಗ್ರಿ ಸೆಲ್ಸಿಯಸ್ ದಾಟಿಸುವುದಿಲ್ಲ. ಶಾಖ ಜಾಸ್ತಿಯಾದರೆ ಕೆಂಪು ಬಣ್ಣ ಕಪ್ಪಿಡುತ್ತದೆ. ಬಿಸಿಲಿನಲ್ಲಿ ಒಣಗಿದ್ದರ ಪಕ್ಕ ಇಟ್ಟು ನೋಡಿ, ಇದರ ಕೆಂಪೇ ಗಾಢ. ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳನ್ನು ಬೆಳಕು ಕೆಡಿಸುತ್ತದೆ, ಹಾಗಾಗಿ ಒಣಗಿದ ಮೇಲೂ ಡಬ್ಬಿ ಕತ್ತಲಲ್ಲೇ ಇರಲಿ.

ಕಾಯಿಗಳನ್ನು ಇಡಿಯಾಗಿ ಹಾಕಬೇಡಿ. ಸಿಪ್ಪೆಯ ಮೇಲಿನ ಮೇಣದ ಪದರ ನೀರನ್ನು ಹೊರಗೆ ಬಿಡುವುದಿಲ್ಲ, ಉದ್ದಕ್ಕೆ ಸೀಳಲೇಬೇಕು. ತೆಳು ಸಿಪ್ಪೆಯ ಹಬನೇರೊ ತಳಿ ಬೇಗ ಆಗುತ್ತದೆ, ದಪ್ಪ ಹಲಪೀನ್ಯೊ ತಳಿಗೆ ತಾಳ್ಮೆ ಬೇಕು. ತುದಿ ಗರಿಗರಿಯಾಯಿತು ಎಂದು ತೆಗೆದುಬಿಡಬೇಡಿ. ತೊಟ್ಟಿನ ಕೆಳಗೆ, ಬೀಜ ಗುಂಪಾಗಿ ಅಂಟಿಕೊಂಡಿರುವ ಕಡೆ ಉಗುರಿನಿಂದ ಒತ್ತಿ ನೋಡಿ. ಅಲ್ಲಿ ಇನ್ನೂ ಮೆತ್ತಗಿದ್ದರೆ ಆ ಒಂದೇ ಕಾಯಿ ಸಾಕು, ಇಡೀ ಡಬ್ಬಿಗೆ ತೇವ ಹರಡಲು. ಬಗ್ಗಿಸಿದರೆ ಚಟ್ಟನೆ ಮುರಿಯಬೇಕು.

ಇನ್ನು ಕೊರತೆಗಳು. ಘಾಟು ತಡೆಯಲು ಯಂತ್ರದಲ್ಲಿ ಏನೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಮನೆಯವರೆಲ್ಲ ಕೆಮ್ಮುತ್ತಾರೆ, ಕಿಟಕಿಯ ಬಳಿ ಇಡಿ. ಪ್ಲಾಸ್ಟಿಕ್ ಟ್ರೇಗೆ ಖಾರ ಹಿಡಿದುಬಿಡುತ್ತದೆ. ತೊಳೆದ ಮೇಲೂ ಅದರಲ್ಲಿ ಸೇಬು ಒಣಗಿಸಿದರೆ ನಾಲಿಗೆಗೆ ಚುರುಕ್ಕೆನ್ನುತ್ತದೆ, ಆದ್ದರಿಂದ ಎರಡು ಟ್ರೇ ಮೆಣಸಿನಕಾಯಿಗೇ ಮೀಸಲಿಟ್ಟಿದ್ದೇನೆ. ಟ್ರೇಯ ತೂತುಗಳು ದೊಡ್ಡವು, ಬೀಜ ಉದುರುತ್ತದೆ. ಸಣ್ಣ ಜಾಲರಿಯನ್ನು ಜೊತೆಗೇ ಕೊಡಬೇಕಿತ್ತು.

ಸೀಳುವಾಗ ಕೈಗವಸು ಬೇಕೇ ಬೇಕು. ಖಾರ ಹೆಚ್ಚಿರುವುದು ಬೀಜದಲ್ಲಲ್ಲ, ಬೀಜ ಅಂಟಿದ ಬಿಳಿ ತಿರುಳಿನಲ್ಲಿ. ಖಾರ ಕೊಡುವ ಕ್ಯಾಪ್ಸೈಸಿನ್ ಬರೀ ನೀರಿಗೆ ಬಿಡುವುದಿಲ್ಲ, ಕೈಗೆ ತಾಗಿದರೆ ಮೊದಲು ಎಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಪುಡಿ ಮಾಡಿದ ತಕ್ಷಣ ಮಿಕ್ಸಿ ಮುಚ್ಚಳ ತೆಗೆಯಬೇಡಿ, ಧೂಳು ಕೂರಲಿ. ನಾನು ಹೆಚ್ಚಿನದನ್ನು ಪುಡಿ ಮಾಡದೆ ಹಾಗೇ ಇಡುತ್ತೇನೆ, ಬೇಕಾದಾಗ ಬಿಸಿ ನೀರಿನಲ್ಲಿ ನೆನೆಸಿ ರುಬ್ಬಿದರೆ ಪರಿಮಳ ಹೆಚ್ಚು. ಹಸಿ ಕಾಯಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ಗಾಳಿಯಾಡದ ಆ ತೇವದಲ್ಲಿ ಬಾಟುಲಿಸಂ ಎಂಬ ಪ್ರಾಣಾಪಾಯದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು.

ಒಂದೆರಡೇ ಗಿಡ ಇರುವವರಿಗೆ ಈ ಯಂತ್ರ ಬೇಡ. ಕಾಯಿ ತೊಳೆದು, ನೀರು ಪೂರ್ತಿ ಒರೆಸಿ ಫ್ರೀಜರ್‌ಗೆ ಹಾಕಿ. ಹೊರತೆಗೆದಾಗ ಮೆತ್ತಗಾಗುತ್ತದೆ, ಖಾರ ಮಾತ್ರ ಹಾಗೇ ಇರುತ್ತದೆ.