ಬಿದರಿಯ ಕಪ್ಪು ತೋರಿಸಲು ಒಂದೂವರೆ ಲಕ್ಷದ ಮಾನಿಟರ್ ಬೇಕೇ?

ಬೀದರಿನಲ್ಲಿ ಫೋಟೊ ಸ್ಟುಡಿಯೊ ನಡೆಸುವ ನನಗೆ ಎರಡು ಬಗೆಯ ಕೆಲಸ ಬರುತ್ತದೆ: ಮದುವೆ ಹಂಗಾಮಿನಲ್ಲಿ ಆಲ್ಬಮ್, ಉಳಿದ ದಿನಗಳಲ್ಲಿ ಬಿದರಿ ಸಾಮಾನುಗಳ ಕ್ಯಾಟಲಾಗ್. ಹೆಚ್ಚುಕಡಿಮೆ ಒಂದೂವರೆ ಲಕ್ಷ ರೂಪಾಯಿ ತೆತ್ತು ಐಜೊ ಕಲರ್‌ಎಡ್ಜ್ ಸಿಎಸ್2740 ಮಾನಿಟರ್ ಕೊಂಡು ಒಂದು ವರ್ಷ ಕಳೆದಿದೆ. ಅದರ ಪಕ್ಕದಲ್ಲೇ ಮೂವತ್ತು ಸಾವಿರದೊಳಗಿನ ಏಸುಸ್ ಪ್ರೋಆರ್ಟ್ ಪಿಎ278ಕ್ಯೂವಿ ಇದೆ. ಎರಡರ ಮುಂದೆಯೂ ದಿನವಿಡೀ ಕುಳಿತವನಾಗಿ, ಐದು ಪಟ್ಟು ಹಣಕ್ಕೆ ನಿಜವಾಗಿ ಏನು ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಖರ್ಚಿಗೆ ಕಾರಣವಾದದ್ದು ಒಂದು ಸುರಾಹಿಯ, ಅಂದರೆ ಉದ್ದ ಕುತ್ತಿಗೆಯ ಹೂಜಿಯ, ಚಿತ್ರ. ಬಿದರಿ ವಸ್ತುವಿನ ಮೈ ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದದ್ದು. ಅದರಲ್ಲಿ ಕೊರೆದ ಗೆರೆಗಳಿಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರವೆಂಬ ಲವಣದೊಂದಿಗೆ ನೀರಿನಲ್ಲಿ ಕಾಯಿಸಿ, ಆ ನೀರಿನಿಂದ ಮೈಯನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನನ್ನ ಹಳೆಯ ಮಾನಿಟರಿನಲ್ಲಿ ಸುರಾಹಿಯ ಹೊಟ್ಟೆಯ ಭಾಗವೆಲ್ಲ ಡಾಂಬರು ಬಳಿದಂತೆ ಒಂದೇ ಕಪ್ಪಾಗಿ ಕಾಣುತ್ತಿತ್ತು. ಗುಂಡನೆಯ ಆಕಾರ ಕಾಣಲೆಂದು ನೆರಳಿನ ಭಾಗಗಳನ್ನು ನಾನು ಎತ್ತುತ್ತಾ, ಅಂದರೆ ತಿಳಿಯಾಗಿಸುತ್ತಾ, ಹೋದೆ. ಪರದೆಯ ಮೇಲೆ ಚಿತ್ರ ಸುಂದರವಾಯಿತು. ಪ್ರೆಸ್‌ನಿಂದ ಮುದ್ರಣವಾಗಿ ಬಂದ ಹಾಳೆಯನ್ನು ಆ ಸುರಾಹಿ ಮಾಡಿದ ಹಿರಿಯರ ಮುಂದೆ ಹಿಡಿದಾಗ ಅವರು ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಕರಿ ಅಲ್ಲರೀ, ಬೂದಿ ಆಗ್ಯಾದ" ಎಂದರು. ತಪ್ಪು ಪ್ರೆಸ್ಸಿನವರದ್ದಲ್ಲ. ಕಡತದಲ್ಲಿದ್ದ ಬಣ್ಣವನ್ನೇ ಅವರು ಅಚ್ಚಿಳಿಸಿದ್ದರು. ಆ ಬಣ್ಣವನ್ನು ನನ್ನ ಪರದೆ ನನಗೆ ತೋರಿಸಿರಲಿಲ್ಲ. ಮರುಮುದ್ರಣದ ಖರ್ಚನ್ನು ನಾನೇ ಭರಿಸಿದೆ.

ದುಬಾರಿ ಮಾನಿಟರ್ ಹೆಚ್ಚು ಗಾಢವಾದ ಕಪ್ಪನ್ನು ಕೊಡುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯವರಲ್ಲಿ ಬಲವಾಗಿದೆ. ಈ ಎರಡರ ಮಟ್ಟಿಗೆ ಅದು ನಿಜವಲ್ಲ. ಎರಡೂ ಐಪಿಎಸ್ ಎಂಬ ಒಂದೇ ಬಗೆಯ ಎಲ್‌ಸಿಡಿ ಪರದೆಗಳೇ, ಎರಡರ ಕಾಂಟ್ರಾಸ್ಟ್ ಅನುಪಾತವೂ (ಅತಿ ಬಿಳುಪಿನ ಹೊಳಪಿಗೂ ಅತಿ ಕಪ್ಪಿನ ಹೊಳಪಿಗೂ ಇರುವ ಅನುಪಾತ) ತಯಾರಕರ ವಿವರಣೆಯಲ್ಲಿ 1000:1. ಪರದೆಯ ಬೆಳಕನ್ನು 120 ನಿಟ್ಸ್‌ಗೆ (ನಿಟ್ಸ್ ಎಂದರೆ ಹೊಳಪಿನ ಅಳತೆ) ಇಳಿಸಿಟ್ಟರೆ ಎರಡರ ಕಡುಗಪ್ಪೂ ಸುಮಾರು 0.12 ನಿಟ್ಸ್ ಆಗುತ್ತದೆ. ದೀಪ ಆರಿಸಿದ ಕೋಣೆಯಲ್ಲಿ ಎರಡೂ ಸ್ವಲ್ಪ ಬೂದುಬಣ್ಣಕ್ಕೇ ತಿರುಗಿ ಕಾಣುತ್ತವೆ. ವ್ಯತ್ಯಾಸವಿರುವುದು ಆ ಕಪ್ಪಿನಿಂದ ಮೇಲೇರುವ ಮೆಟ್ಟಿಲುಗಳಲ್ಲಿ. ಎಂಟು ಬಿಟ್‌ನ ಚಿತ್ರದಲ್ಲಿ ಒಂದೊಂದು ಮೂಲಬಣ್ಣಕ್ಕೆ 256 ಹಂತಗಳಿರುತ್ತವೆ, ಬಿದರಿಯ ಮೈಯೆಲ್ಲ ಇರುವುದು ಅದರ ಕೆಳಗಿನ ಮೂವತ್ತು ನಲವತ್ತು ಹಂತಗಳಲ್ಲಿ. ಐಜೊದಲ್ಲಿ ಈ ಹಂತಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ, ಹಸಿರಿಗೋ ಕೆಂಪಿಗೋ ವಾಲದೆ ಕಾಣುತ್ತವೆ. ಸುರಾಹಿಯ ಕುತ್ತಿಗೆ ಹೊಟ್ಟೆಗೆ ಸೇರುವ ತಿರುವಿನಲ್ಲಿ ಎಣ್ಣೆ ಸವರಿ ಒರೆಸಿದ ಬಟ್ಟೆಯ ಗುರುತು ಕೂಡ ನೆರಳನ್ನು ಎತ್ತದೆಯೇ ನನಗೆ ಕಂಡಿತು. ಕಂಡದ್ದನ್ನು ಎತ್ತುವ ಅಗತ್ಯ ಬೀಳುವುದಿಲ್ಲ. ನನ್ನ ಮಟ್ಟಿಗೆ ಈ ಮಾನಿಟರಿನ ಅತಿ ದೊಡ್ಡ ಉಪಕಾರ ಇದೇ.

ಎರಡನೆಯ ಉಪಕಾರ ಪರದೆಯ ಏಕರೂಪತೆ. ಪರದೆ ತುಂಬ ಮಧ್ಯಮ ಬೂದುಬಣ್ಣ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದರೆ ಯಾವ ಮಾನಿಟರಿನ ಗುಣವೂ ಬಯಲಾಗುತ್ತದೆ. ನನ್ನ ಹಳೆಯ ಮಾನಿಟರಿನಲ್ಲಿ ಎಡಗಡೆಯ ಕೆಳಮೂಲೆ ಹಳದಿ, ಬಲ ಅಂಚು ಮಸುಕು. ಒಂದೇ ಹೂದಾನಿಯ ಚಿತ್ರವನ್ನು ಎಡದಿಂದ ಬಲಕ್ಕೆ ಎಳೆದರೆ ಬೆಳ್ಳಿ ಬಣ್ಣ ಬದಲಿಸುತ್ತಿತ್ತು. ಪ್ರೋಆರ್ಟ್ ಅದಕ್ಕಿಂತ ಎಷ್ಟೋ ಮೇಲು, ಆದರೂ ನನ್ನ ಬಳಿಯಿರುವುದರ ಮೂಲೆಗಳು ಸ್ವಲ್ಪ ಮಂಕಾಗಿವೆ. ಐಜೊದಲ್ಲಿ ಪರದೆಯ ಉದ್ದಗಲಕ್ಕೂ ಹೊಳಪು ಮತ್ತು ಬಣ್ಣವನ್ನು ಸರಿದೂಗಿಸುವ ವ್ಯವಸ್ಥೆ ಒಳಗೇ ಇದೆ. ಒಂದು ಪುಟದಲ್ಲಿ ಹನ್ನೆರಡು ವಸ್ತುಗಳನ್ನು ಸಾಲಾಗಿ ಜೋಡಿಸುವ ನನ್ನಂಥವನಿಗೆ ಇದು ಸಣ್ಣ ಸೌಲಭ್ಯವಲ್ಲ.

ಬಣ್ಣದ ವ್ಯಾಪ್ತಿಯ ವಿಷಯದಲ್ಲಿ ಪ್ರೋಆರ್ಟ್ ಎಸ್‌ಆರ್‌ಜಿಬಿಯನ್ನು, ಅಂದರೆ ಸಾಮಾನ್ಯ ಪರದೆಗಳೂ ಜಾಲತಾಣಗಳೂ ಬಳಸುವ ಬಣ್ಣಗಳ ಗುಂಪನ್ನು, ಪೂರ್ತಿಯಾಗಿ ತೋರಿಸುತ್ತದೆ, ಐಜೊ ಅದಕ್ಕಿಂತ ವಿಶಾಲವಾದ ಅಡೋಬಿ ಆರ್‌ಜಿಬಿ ಎಂಬ ಗುಂಪಿನ 99 ಶೇಕಡಾವನ್ನು ಮುಟ್ಟುತ್ತದೆ. ಇವೆರಡರ ಅಂತರವಿರುವುದು ಮುಖ್ಯವಾಗಿ ಹಸಿರು ಮತ್ತು ಹಸಿರುನೀಲಿಗಳಲ್ಲಿ. ಬಿದರಿಗೆ ಇದರಿಂದ ಲಾಭವೇನೂ ಇಲ್ಲ. ಆದರೆ ನಮ್ಮೂರಿನ ಮಹಮೂದ್ ಗವಾನನ ಮದರಸಾದ ಗೋಡೆಯಲ್ಲಿ ಉಳಿದಿರುವ ಹೊಳಪಿನ ಹಂಚುಗಳನ್ನು ಬೆಳಗಿನ ಬಿಸಿಲಿನಲ್ಲಿ ತೆಗೆದ ಚಿತ್ರವನ್ನು ಎರಡರಲ್ಲೂ ತೆರೆದಾಗ, ಪ್ರೋಆರ್ಟ್‌ನಲ್ಲಿ ಒಂದೇ ಎಂದು ಕಂಡ ಎರಡು ನೀಲಿಗಳು ಐಜೊದಲ್ಲಿ ಬೇರೆಬೇರೆಯಾದವು. ಆಫ್‌ಸೆಟ್ ಮುದ್ರಣದ ನೀಲಿಶಾಯಿಗೆ ಸಾಧ್ಯವಿರುವ ಕೆಲವು ಬಣ್ಣಗಳು ಎಸ್‌ಆರ್‌ಜಿಬಿಯ ಗಡಿಯಾಚೆ ಇರುವುದರಿಂದ, ಪುಸ್ತಕ ಮತ್ತು ಕ್ಯಾಟಲಾಗ್ ಮಾಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಮದುವೆ ಆಲ್ಬಮ್‌ಗೆ ಇದಾವುದೂ ಬೇಕಿಲ್ಲ. ನಾನು ಕೆಲಸ ಕೊಡುವ ಲ್ಯಾಬ್ ಎಸ್‌ಆರ್‌ಜಿಬಿ ಕಡತವನ್ನೇ ಕೇಳುತ್ತದೆ, ಮನೆಮಂದಿ ಚಿತ್ರಗಳನ್ನು ಮೊದಲು ನೋಡುವುದು ಫೋನಿನಲ್ಲಿ, ಮತ್ತು ಅರಿಸಿನ ಹಚ್ಚಿದ ಮುಖದ ಬಣ್ಣ ಸರಿಯಾಗಿ ಬಂದರೆ ಎಲ್ಲರಿಗೂ ಸಮಾಧಾನ. ಪ್ರೋಆರ್ಟ್ ಕಾರ್ಖಾನೆಯಲ್ಲೇ ಡೆಲ್ಟಾ ಇ (ಇರಬೇಕಾದ ಬಣ್ಣಕ್ಕೂ ಪರದೆಯ ಮೇಲಿನ ಬಣ್ಣಕ್ಕೂ ಇರುವ ವ್ಯತ್ಯಾಸದ ಅಳತೆ) ಎರಡಕ್ಕಿಂತ ಕಡಿಮೆ ಇರುವಂತೆ ಹೊಂದಿಸಿ ಬರುತ್ತದೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಬರಿಗಣ್ಣಿನಿಂದ ಗುರುತಿಸುವುದು ಕಷ್ಟ. ಆಲ್ಬಮ್ ಮಾತ್ರ ಮಾಡುವ ಸ್ಟುಡಿಯೊಗಳು ಒಂದೂವರೆ ಲಕ್ಷ ಹಾಕುವುದು ಹಣದ ವ್ಯರ್ಥ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ.

ಅಂಥವರು ಮೊದಲು ಖರ್ಚು ಮಾಡಬೇಕಾದದ್ದು ಬೇರೆ ಕಡೆ. ಪರದೆಯ ಮೇಲಿಟ್ಟು ಬಣ್ಣ ಅಳೆಯುವ ಕ್ಯಾಲಿಬ್ರೇಟರ್ 20,000 ರೂಪಾಯಿಯ ಆಸುಪಾಸಿಗೆ ಸಿಗುತ್ತದೆ, ಮತ್ತು ಅದು ಯಾವ ಮಾನಿಟರಿಗೂ ಆಗುತ್ತದೆ. ಐಜೊದ ಸಿಜಿ ಸರಣಿಯಲ್ಲಿ ಈ ಅಳೆಯುವ ಕಣ್ಣು ಮಾನಿಟರಿನೊಳಗೇ ಇರುತ್ತದೆ. ನಾನು ಕೊಂಡ ಸಿಎಸ್‌ನಲ್ಲಿ ಇಲ್ಲ, ಹೀಗಾಗಿ ನನಗೂ ಅದು ಪ್ರತ್ಯೇಕ ಖರ್ಚಾಯಿತು. ಬೆಳಕು ಅಡ್ಡ ಬೀಳದಂತೆ ತಡೆಯುವ ಹುಡ್ ಕೂಡ ಪೆಟ್ಟಿಗೆಯಲ್ಲಿ ಇರಲಿಲ್ಲ. ಈ ಬೆಲೆಯ ಮಾನಿಟರಿನ ಜೊತೆ ಅದನ್ನು ಕೊಡದಿರುವುದು ನನಗೆ ಸರಿ ಕಾಣಲಿಲ್ಲ. ಇನ್ನು ಕೋಣೆ. ನನ್ನ ಕೋಣೆಯ ಗೋಡೆ ತಿಳಿಹಸಿರಾಗಿತ್ತು, ಪಶ್ಚಿಮಕ್ಕೆ ಕಿಟಕಿಯಿತ್ತು. ಸಂಜೆ ನಾಲ್ಕರ ಬಿಸಿಲು ಹಸಿರು ಗೋಡೆಗೆ ಬಿದ್ದು ಪರದೆಗೆ ಮರಳುವಾಗ ಯಾವ ಬೆಲೆಯ ಮಾನಿಟರಿನ ಬಣ್ಣವೂ ನಂಬಲು ಬರುವುದಿಲ್ಲ. ಗೋಡೆಗೆ ಬೂದುಬಣ್ಣ ಬಳಿಸಿ, ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹಾಕಿಸಿ, ಪ್ರೂಫ್ ಹಾಳೆ (ಪ್ರೆಸ್ಸಿನ ಮಾದರಿ ಮುದ್ರಣ) ನೋಡುವ ಮೇಜಿನ ಮೇಲೆ 5000 ಕೆಲ್ವಿನ್‌ನ, ಅಂದರೆ ಹಗಲಿನ ಬೆಳಕಿನಂಥ, ದೀಪ ಕೂಡಿಸಲು ತಗುಲಿದ್ದು ಕೆಲವೇ ಸಾವಿರ. ಹೀಗೆ ಮಾಡಿದ ಮೇಲೆ ಪ್ರೋಆರ್ಟ್ ಮತ್ತು ಐಜೊದ ನಡುವಿನ ಅಂತರ, ನಾನು ಮೊದಲು ಊಹಿಸಿದ್ದಕ್ಕಿಂತ ಬಹಳ ಕಿರಿದಾಯಿತು ಎಂಬುದನ್ನು ಮುಚ್ಚಿಡಬಾರದು.

ಇದಕ್ಕಿಂತಲೂ ಮೇಲಿನ ಬೆಲೆಯವು ಇವೆ. 2019ರಲ್ಲಿ ಬಂದ ಆಪಲ್ ಪ್ರೊ ಡಿಸ್‌ಪ್ಲೇ ಎಕ್ಸ್‌ಡಿಆರ್‌ಗೆ 4,999 ಡಾಲರ್, ಅದರ ಸ್ಟ್ಯಾಂಡಿಗೆ ಪ್ರತ್ಯೇಕವಾಗಿ 999 ಡಾಲರ್ ಬೆಲೆ ಇಟ್ಟಿದ್ದರು. ಅದರ 1000 ನಿಟ್ಸ್ ಬೆಳಕು ಬೆಳಕು ಕತ್ತಲೆಗಳ ಅಂತರ ಹೆಚ್ಚಿರುವ ಎಚ್‌ಡಿಆರ್ ವಿಡಿಯೊ ಮಾಡುವವರಿಗೆ ಬೇಕಾದೀತು. ಹಾಳೆಯ ಮೇಲೆ ಅಚ್ಚಾಗುವ ಚಿತ್ರಕ್ಕೆ 100ರಿಂದ 120 ನಿಟ್ಸ್ ದಾಟಿಸುವುದೇ ತಪ್ಪು, ಏಕೆಂದರೆ ಪರದೆ ಪ್ರಖರವಾದಷ್ಟೂ ನಾವು ಚಿತ್ರವನ್ನು ಹೆಚ್ಚು ಮಬ್ಬಾಗಿಸುತ್ತೇವೆ, ಹಾಳೆ ಕಪ್ಪಿಟ್ಟು ಬರುತ್ತದೆ.

ಬೀದರಿನಂಥ ಊರಿನಲ್ಲಿ ಕೊಳ್ಳುವವರು ಇನ್ನೊಂದನ್ನು ವಿಚಾರಿಸಬೇಕು. ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರ್. ಮಾನಿಟರ್ ಕೆಟ್ಟರೆ ಅದನ್ನು ಯಾರು ಬಂದು ಒಯ್ಯುತ್ತಾರೆ, ಸಾಗಣೆಯ ವೆಚ್ಚ ಯಾರದ್ದು ಎಂಬುದನ್ನು ಬಿಲ್ಲು ಮಾಡಿಸುವ ಮೊದಲೇ ಬರಹದಲ್ಲಿ ಪಡೆಯಬೇಕು. ಐಜೊಗೆ ಐದು ವರ್ಷದ ವಾರಂಟಿ ಇರುವುದು ಧೈರ್ಯದ ಸಂಗತಿ, ಆದರೂ ಅದರ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದೇನೆ. ಕರೆಂಟು ಏರಿಳಿಯುವ ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ಇದನ್ನು ಹಚ್ಚುವುದೇ ಇಲ್ಲ.

ಈಗ ನಮ್ಮಲ್ಲಿ ಹುಡುಗರು ಕತ್ತರಿಸುವುದು, ಜೋಡಿಸುವುದು, ಆಲ್ಬಮ್ ಪುಟ ಕಟ್ಟುವುದು ಎಲ್ಲವೂ ಪ್ರೋಆರ್ಟ್ ಮೇಲೆ. ಬಿದರಿಯ ಚಿತ್ರ ಮಾತ್ರ ಪ್ರೆಸ್ಸಿಗೆ ಹೋಗುವ ಹಿಂದಿನ ದಿನ ಐಜೊಗೆ ಬರುತ್ತದೆ. ಮಾನಿಟರ್ ಹಚ್ಚಿ ಅರ್ಧ ಗಂಟೆ ಕಾದು, ಸಾಧ್ಯವಾದರೆ ಆ ವಸ್ತುವನ್ನೇ ತರಿಸಿ ದೀಪದ ಕೆಳಗೆ ಪಕ್ಕದಲ್ಲಿಟ್ಟು, ಅದರ ಕಪ್ಪನ್ನು ಪರದೆಯ ಕಪ್ಪಿನೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಕಡತ ಕಳಿಸುತ್ತೇನೆ.